ಬಂಡೆಯ ಮೇಲಿನ ಹಂದಿಮರಿಗಳು

ನಾನೂ ನನ್ನ ಅಕ್ಕನೂ ಮಾತು ಬಿಟ್ಟದ್ದು ಹಂದಿಮರಿಗಳ ಕಾರಣಕ್ಕೆ. ಹೀಗೆಂದರೆ ಈಗಿನವರು ನಗುತ್ತಾರೆ. ನನ್ನ ಮಗನೂ ನಕ್ಕ. ನನಗೆ ಅಕ್ಷರ ಬರುವುದಿಲ್ಲ, ನಾನು ಹೇಳುವುದನ್ನು ಅವನೇ ಬರೆದುಕೊಳ್ಳುತ್ತಿದ್ದಾನೆ. ನನ್ನ ಮಾತನ್ನು ತನ್ನ ಶಾಲೆಯ ಕನ್ನಡಕ್ಕೆ ತಿರುಗಿಸುತ್ತಾನೆ, ನಾನು ಬೇಡವೆನ್ನುವುದಿಲ್ಲ. ಆದರೆ ಅಕ್ಕ ಆಡಿದ ಮಾತು, ಅವ್ವ ಆಡಿದ ಮಾತು ಇದ್ದ ಹಾಗೇ ಇರಬೇಕೆಂದು ಹೇಳಿದ್ದೇನೆ.

ನಮ್ಮ ತವರು ಮಾಗಡಿ ಸೀಮೆ. ಅಪ್ಪ ಬೀಸುವ ಕಲ್ಲು, ಒರಳು ಕಡೆಯುತ್ತಿದ್ದ. ಅವ್ವ ಹಂದಿ ಸಾಕುತ್ತಿದ್ದಳು. ಅಕ್ಕ ನನಗಿಂತ ಬಹಳ ದೊಡ್ಡವಳಲ್ಲ, ಆದರೂ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿಸಿದವಳು ಅವಳೇ. ಅವಳಿಗೆ ಕೋಪ ಬೇಗ ಬರುತ್ತಿತ್ತು, ಬೇಗ ಹೋಗುತ್ತಲೂ ಇತ್ತು. ಅವಳನ್ನು ಕ್ಲೋಸ್‌ಪೇಟೆಗೆ ಕೊಟ್ಟರು. ಈಗ ರಾಮನಗರ ಎನ್ನುವ ಊರನ್ನು ಆಗ ಹಾಗೆ ಕರೆಯುತ್ತಿದ್ದರು. ಅಲ್ಲಿನ ಬೆಟ್ಟದಲ್ಲಿ ಬಂಡೆ ಒಡೆಯುವ ದೊಡ್ಡ ಮನೆತನ, ಅತ್ತೆ, ಮೈದುನರು, ಹತ್ತಾರು ಜನ. ನನ್ನನ್ನು ಚನ್ನಪಟ್ಟಣದ ಕಡೆಗೆ ಕೊಟ್ಟರು. ನನ್ನದು ಗಂಡ, ನಾನು, ಇಷ್ಟೇ ಸಂಸಾರ. ನನ್ನ ಗಂಡ ಮಳೆಗಾಲದಲ್ಲಿ ಒರಳು ಕಡೆಯುತ್ತಿದ್ದ, ಕಬ್ಬು ಕಡಿಯುವ ಕಾಲ ಬಂದರೆ ಒಬ್ಬ ರೈತರ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಒಲೆಗೆ ಬೆಂಕಿ ಹಾಕುವ ಕೆಲಸಕ್ಕೆ ಹೋಗುತ್ತಿದ್ದ.

ಅಪ್ಪ ತೀರಿಕೊಂಡ ವರ್ಷ ಅವ್ವನ ಹಂದಿ ದಸರೆಯ ಹೊತ್ತಿಗೆ ಮರಿ ಹಾಕಿತು. ಮರಿಗಳು ಮೊಲೆ ಬಿಡುವ ಹೊತ್ತಿಗೆ ಅವ್ವ ನಮ್ಮಿಬ್ಬರಿಗೂ ಹೇಳಿಕಳಿಸಿದಳು. ಅಕ್ಕನ ಕೊನೆಯ ಮೈದುನನಿಗೆ ಶಿವರಾತ್ರಿ ಕಳೆದ ಮೇಲೆ ಮದುವೆ ಗೊತ್ತಾಗಿತ್ತು. ಮದುವೆಯೂಟಕ್ಕೆ ಹಂದಿ ತನ್ನ ತವರಿನಿಂದ ಎಂದು ಅಕ್ಕ ಅತ್ತೆಯ ಮುಂದೆ ಮಾತು ಕೊಟ್ಟಿದ್ದಳು. ಅಪ್ಪ ಇಲ್ಲದ ತವರು, ಅದಕ್ಕೇ ಆ ಮಾತು ಅವಳಿಗೆ ಅಷ್ಟು ದೊಡ್ಡದಾಗಿತ್ತು.

ಅವ್ವ ಗೂಡಿನ ಅಡ್ಡಗಲ್ಲು ತೆಗೆದು, "ಇಬ್ರೂ ಸಮ ಹಂಚ್ಕಳಿ. ದೊಡ್ಡೋಳು ಮೊದ್ಲು ಆರಿಸ್ಕಳ್ಳಿ" ಎಂದಳು.

ಅಕ್ಕನಿಗೆ ಹಂದಿ ಗೊತ್ತಿತ್ತು. ತಾಯಿಯ ಮುಂದಿನ ಮೊಲೆಗಳಲ್ಲಿ ಹಾಲು ಹೆಚ್ಚು, ಬಲವಾದ ಮರಿಗಳು ಅವನ್ನೇ ಹಿಡಿದುಕೊಳ್ಳುತ್ತವೆ. ಅವಳು ಆ ದಪ್ಪ ಮರಿಗಳನ್ನೇ ಎತ್ತಿಕೊಂಡಳು. ಹಿಂದಿನ ಮೊಲೆ ಕುಡಿದ ಸಣ್ಣವು ನನಗುಳಿದವು. ನನಗೆ ಬೇಸರವಾಗಲಿಲ್ಲ. ಮದುವೆ ಇದ್ದದ್ದು ಅವಳ ಮನೆಯಲ್ಲಿ, ನನಗೆ ಆತುರವೇನಿರಲಿಲ್ಲ. ಎಲ್ಲವೂ ಮೈತುಂಬ ಕಪ್ಪು, ಒಂದಕ್ಕೂ ಮಚ್ಚೆ ಗುರುತಿರಲಿಲ್ಲ.

ಇಬ್ಬರೂ ಬುಟ್ಟಿಗಳನ್ನು ತಲೆಯ ಮೇಲಿಟ್ಟುಕೊಂಡು ಒಟ್ಟಿಗೇ ಹೊರಟೆವು. ದಾರಿಯಲ್ಲಿ ಒಂದು ಕೆರೆಯ ಹತ್ತಿರ ಮಂಟಪದಲ್ಲಿ ತಂಗಿದೆವು. ಮರಿಗಳನ್ನು ಕೈಕಾಲಾಡಿಸಲಿ ಎಂದು ಮೂಲೆಗೆ ಬಿಟ್ಟು, ಅಡ್ಡಕ್ಕೆ ಕಲ್ಲು ಜೋಡಿಸಿದ್ದೆವು. ಬೆಳಗ್ಗೆ ಅಕ್ಕ ಕೆರೆಗೆ ನೀರಿಗೆ ಹೋದಾಗ ನಾನು ಮರಿಗಳನ್ನು ಹಿಡಿದು, ದಪ್ಪದ್ದು ಅವಳ ಬುಟ್ಟಿಗೆ, ಸಣ್ಣದ್ದು ನನ್ನ ಬುಟ್ಟಿಗೆ ತುಂಬಿದೆ. ಅವಳು ಬಂದು ಬುಟ್ಟಿ ನೋಡಿದಳು, ಹೂಂ ಎಂದಳು, ಹೊತ್ತುಕೊಂಡಳು. ದಾರಿಯುದ್ದಕ್ಕೂ ಅಪ್ಪನ ಮಾತಾಡುತ್ತ ನಡೆದೆವು. ಅವತ್ತು ನಾವು ಬಹಳ ಸಂತೋಷವಾಗಿದ್ದೆವು.

ಆ ವರ್ಷ ಮಾರ್ಗಶಿರದಲ್ಲಿ ಚಳಿ ಬೇಗ ಬಿತ್ತು. ಸಂಕ್ರಾಂತಿಗೆ ನಾನು ಎಳ್ಳು ಬೆಲ್ಲ, ಎರಡು ಜಲ್ಲೆ ಕಬ್ಬು ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಮನೆ ಎಂದರೆ ಬಂಡೆಯ ಮೇಲೆ ಸಾಲಾಗಿ ಹಾಕಿದ ಗುಡಿಸಲುಗಳು. ಎರಡು ಗುಡ್ಡಗಳ ಸಂದಿಯಿಂದ ಗಾಳಿ ನೇರವಾಗಿ ಅಲ್ಲಿಗೇ ನುಗ್ಗುತ್ತಿತ್ತು. ಬೆಳಗಿನ ಹೊತ್ತು ಬರಿಗಾಲಿಟ್ಟರೆ ಬಂಡೆಯ ಚಳಿ ಹಿಮ್ಮಡಿಯಿಂದ ಮೊಣಕಾಲಿನವರೆಗೂ ಏರುತ್ತಿತ್ತು. ಮಂಜು ಹತ್ತು ಮಾರು ದೂರದ ಗುಡಿಸಲನ್ನೂ ಮುಚ್ಚಿತ್ತು.

ಹಂದಿಗಳ ಗೂಡು ಗುಡಿಸಲುಗಳಿಂದ ಕೆಳಗೆ. ಮೂರು ಕಡೆ ಕಲ್ಲು ಚಪ್ಪಡಿ, ಒಂದು ಕಡೆ ಬಯಲು, ನೆಲ ಬರಿಯ ಬಂಡೆ. ಮರಿಗಳನ್ನು ಬಗ್ಗಿ ನೋಡಿದೆ. ಒಂದರ ಮೇಲೊಂದು ಗುಡ್ಡೆಯಾಗಿ ಬಿದ್ದಿದ್ದವು. ಗುಡ್ಡೆಯೇ ನಡುಗುತ್ತಿತ್ತು. ಕೆಳಗಿದ್ದದ್ದು ಮೇಲೆ ಬರಲಾರದು, ಮೇಲಿದ್ದದ್ದು ಒಳಗೆ ತೂರಿಕೊಳ್ಳಲು ಕಿರುಚುವುದು. ಅಕ್ಕ ಒಂದನ್ನು ಎಳೆದು ನನ್ನ ಕೈಗೆ ಕೊಟ್ಟಳು. ಮೈತುಂಬ ಉದ್ದುದ್ದ ಒರಟು ಕೂದಲು. ಬೆನ್ನು ಕಮಾನಿನಂತೆ ಬಾಗಿತ್ತು. ಕಿವಿ, ಬಾಲ ಮೊಂಡು. ತೊಡೆ ಮುಟ್ಟಿದರೆ ಹಿಡಿಯಷ್ಟೂ ಮೆದುವಿಲ್ಲ, ಹುರಿ ಮಾಡಿದ ಹಗ್ಗದ ಹಾಗೆ ಗಟ್ಟಿ. ಆ ಹಗ್ಗವೂ ಚರ್ಮದೊಳಗೆ ನಿಲ್ಲದೆ ಅದುರುತ್ತಿತ್ತು.

"ತಿನ್ನಲ್ವೇನಕ್ಕ ಇವು?"

"ತಿಂತವೆ ಕಣೆ. ನಾ ಕುಡಿಯೋ ಗಂಜೀಲೂ ಒಸಿ ಉಳಿಸಿ ಹಾಕ್ತಿವ್ನಿ. ಮೂತಿ ಎತ್ತದಂಗೆ ತಿಂತವೆ. ತಿಂದಿದ್ದೆಲ್ಲ ಎಲ್ಲೋಯ್ತದೋ ನಾ ಕಾಣೆ."

"ಒಸಿ ಹುಲ್ಲಾದ್ರೂ ಹಾಸಬಾರ್ದಾ?"

"ಹುಲ್ಲು ಎತ್ತಿಗೇ ಸಾಲ್ದು ಅಂತವ್ರೆ. ತರಗು ಹಾಸ್ದೆ, ಗಾಳಿ ಹೊತ್ಕೊಂಡೋಯ್ತು."

ಬೆಂಕಿ ಹಾಕುವಂತಿರಲಿಲ್ಲ. ಹುಲ್ಲಿನ ಸೂರುಗಳು, ಗಾಳಿಗೆ ಒಂದು ಕಿಡಿ ಹಾರಿದರೂ ಸಾಲೇ ಉರಿದುಹೋಗುತ್ತದೆಂದು ಅವಳ ಅತ್ತೆ ಕಟ್ಟುಮಾಡಿದ್ದಳು. ಅದು ತಪ್ಪೆಂದು ಹೇಳಲಾರೆ. ನಾವು ಹೀಗೆ ಮಾತಾಡುತ್ತಿದ್ದಾಗ ಆ ಅತ್ತೆ ಮೇಲಿನಿಂದ ಬಗ್ಗಿ ನೋಡಿ, ಕೆಲಸದವರಿಗೆಲ್ಲ ಕೇಳುವ ಹಾಗೆ, "ತವರಿಂದ ಹಂದಿ ತಂದವ್ಳೆ ಅಂದ್ರು. ನೋಡುದ್ರೆ ಹೆಗ್ಗಣ!" ಎಂದಳು. ಸುತ್ತಿಗೆ ಹಿಡಿದವರು ನಕ್ಕರು. ಅಕ್ಕ ಮರಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಕ್ಕೆ ಬಿಟ್ಟಳು.

"ನಿನ್ನವು ಹೆಂಗವೆ?" ಎಂದು ಕೇಳಿದಳು.

"ಪರವಾಗಿಲ್ಲ" ಎಂದೆ.

ನನ್ನವು ಪರವಾಗಿಲ್ಲ ಎನ್ನುವಂತಿರಲಿಲ್ಲ, ಬಹಳ ಚೆನ್ನಾಗಿದ್ದವು. ಆಲೆಮನೆಯ ರೈತರು ಒಲೆಯ ಹಿಂದುಗಡೆ, ಗೋಡೆಗೆ ಒತ್ತಿಕೊಂಡ ಹಾಗೆ ಗೂಡು ಹಾಕಿಕೊಳ್ಳಲು ಬಿಟ್ಟಿದ್ದರು. ಹಗಲೂ ಇರುಳೂ ಉರಿಯುವ ಒಲೆ. ಆ ಮಣ್ಣಿನ ಗೋಡೆ ಬಿಸಿಲಿಗಿಟ್ಟ ಕಂಬಳಿಯ ಹಾಗೆ ಬೆಚ್ಚಗಿರುತ್ತಿತ್ತು. ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಹಾಸಿದ್ದೆ. ಮರಿಗಳು ಬೆನ್ನು ಗೋಡೆಗೆ ಕೊಟ್ಟು, ನಾಲ್ಕು ಕಾಲೂ ಚಾಚಿ, ಒಂದನ್ನೊಂದು ಮುಟ್ಟದೆ ಬೇರೆಬೇರೆಯಾಗಿ ಮಲಗುತ್ತಿದ್ದವು. ರಾಗಿಯ ಗಂಜಿಯ ಜೊತೆಗೆ ಕೊಪ್ಪರಿಗೆಯಿಂದ ತೆಗೆದ ನೊರೆಯನ್ನೂ ಹಾಕುತ್ತಿದ್ದೆ. ಅವು ದಪ್ಪವಾಗುತ್ತಿರುವುದು ಆ ಸಿಹಿಗೆ ಎಂದೇ ನಾನು ಎಣಿಸಿದ್ದೆ.

ಅದಾದ ಸ್ವಲ್ಪ ದಿನಕ್ಕೆ ಚನ್ನಪಟ್ಟಣದ ಸಂತೆಗೆ ಬಂದಿದ್ದ ಅಕ್ಕ ನೆಟ್ಟಗೆ ಆಲೆಮನೆಗೆ ಬಂದಳು. ನಾನು ಕಬ್ಬಿನ ಸಿಪ್ಪೆ ಹರವುತ್ತಿದ್ದೆ. ಕುಡಿಯಲು ಕಬ್ಬಿನ ಹಾಲು ಕೊಡುತ್ತೇನೆಂದರೂ ನಿಲ್ಲದೆ ಒಲೆಯ ಹಿಂದಕ್ಕೆ ಹೋದಳು. ಒಂದು ಮರಿಯನ್ನು ಎತ್ತಲು ನೋಡಿದಳು, ಭಾರಕ್ಕೆ ಎತ್ತಲಾಗಲಿಲ್ಲ. ಕೂತುಕೊಂಡು ತೊಡೆ ಮುಟ್ಟಿದಳು, ಕಿವಿ ಮುಟ್ಟಿದಳು. ಅಗಲ ಕಿವಿ, ಮೈಮೇಲೆ ಕೂದಲು ತೆಳ್ಳಗೆ, ಕಾಲು ಉದ್ದ.

"ಇದು ನಂದು" ಎಂದಳು.

ಮೊದಲು ತಮಾಷೆಯೆಂದುಕೊಂಡೆ. "ಎಲ್ಲ ಕರಿಯವೇ ಅಲ್ವೇನಕ್ಕ? ಯಾವ್ದು ಯಾರ್ದು ಅಂತ ಹೆಂಗೆ ಹೇಳೀಯೆ?"

"ಮುಂದಿನ ಮೊಲೆ ಕುಡ್ದಿದ್ದ ನಾನು ಆರಿಸ್ಕಂಡೆ. ಹಿಂದಿನ ಮೊಲೆ ಕುಡ್ದ ಮರಿ ಹಿಂಗಾಯ್ತದಾ? ನಾನು ಕೆರೆಗೋದಾಗ ಬುಟ್ಟಿಗೆ ತುಂಬ್ದೋಳು ಯಾರು?"

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಅವ್ವನಾಣೆ ಕಣಕ್ಕ, ನಾನು ಹಂಗೆ ಮಾಡ್ಲಿಲ್ಲ. ನೀನೇ ಬುಟ್ಟಿ ನೋಡ್ದಲ್ಲ?"

"ಕತ್ತಲು ಕತ್ತಲಾಗಿತ್ತು. ನನ್ನ ತಂಗಿ ಅಂತ ನಂಬ್ದೆ."

ಒಲೆಯ ಬಾಯಲ್ಲಿ ಕೂತಿದ್ದ ನನ್ನ ಗಂಡ ಅಲ್ಲಿಂದಲೇ, "ಅಕ್ಕ, ಇವು ಬೆಚ್ಚಗವೆ, ಅದಕ್ಕೇ ಇರಬೌದು..." ಎಂದ.

"ಬೆಚ್ಚಗಿದ್ರೆ ಹಂದಿ ಊದ್ಕತದಾ? ನಿನ್ನೆಂಡ್ರ ಮಾತ ನೀನು ಬುಟ್ಟುಕೊಟ್ಟೀಯಾ?" ಎಂದು ಅಕ್ಕ ಅವನ ಬಾಯಿ ಮುಚ್ಚಿಸಿದಳು. ನಿಜ ಹೇಳಬೇಕೆಂದರೆ ಅವನು ಹೇಳಿದ್ದು ನನಗೂ ಸಮಜಾಯಿಷಿಯ ಮಾತಿನ ಹಾಗೇ ಕೇಳಿಸಿತು. ಅಲ್ಲಿದ್ದ ಒಬ್ಬರೂ ಅದನ್ನು ಹಿಡಿದುಕೊಳ್ಳಲಿಲ್ಲ.

ಅವಳ ಮುಖ ನೋಡಿ ನನಗೆ ಅಳು ಬಂತು. ಮದುವೆ ಹತ್ತಿರ ಬರುತ್ತಿತ್ತು, ಅತ್ತೆಯ ಬಾಯಿ ನನಗೂ ಗೊತ್ತಿತ್ತು. "ಹೋಗ್ಲಿ ಬುಡಕ್ಕ. ಇವನ್ನೇ ಹೊಡ್ಕೊಂಡೋಗು. ಅವನ್ನ ನಂಗೆ ಕೊಡು. ಮದುವೆ ಚೆನ್ನಾಗಾಗ್ಲಿ" ಎಂದೆ.

ಅಕ್ಕ ಎದ್ದು ನಿಂತಳು. ಬೇಗ ಬಂದು ಬೇಗ ಹೋಗುವ ಅವಳ ಕೋಪವನ್ನು ನಾನು ನೋಡಿದ್ದೆ, ಇದು ಅದಲ್ಲ. ದನಿ ಏರಿಸದೆ, "ಕದೀದೆ ಇದ್ದೋಳು ಯಾಕೆ ಕೊಟ್ಟೀಯೆ?" ಎಂದಳು.

ಸಂತೆಯ ಗಂಟನ್ನು ತಲೆಗೇರಿಸಿಕೊಂಡು ಹೋದಳು. ಗದ್ದೆಯ ಬದುವಿನ ಮೇಲೆ ನಾನು ಸ್ವಲ್ಪ ದೂರ ಹಿಂದೆ ಹಿಂದೆ ಹೋದೆ. ಅವಳು ತಿರುಗಲಿಲ್ಲ. ಆ ಗಳಿಗೆಯಲ್ಲಿ ಬೇರೆ ಏನು ಹೇಳಿದ್ದರೆ ಅವಳು ನಂಬುತ್ತಿದ್ದಳೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಕೊಡುವುದಿಲ್ಲ ಎಂದು ಜಗಳವಾಡಿದ್ದರೆ ನಂಬುತ್ತಿದ್ದಳೋ ಏನೋ.

ಮದುವೆಗೆ ಅವ್ವನ ಜೊತೆ ಹೋದೆ. ಕರೆಯಲು ಬಂದವರು ಇಬ್ಬರನ್ನೂ ಕರೆದಿದ್ದರು, ಅಕ್ಕ ಮಾತ್ರ ಮಾತಾಡಿಸಲಿಲ್ಲ. ಹಂದಿಗಳನ್ನು ಕೊಯ್ದ ಮೇಲೆ ಹುಲ್ಲುರಿಯಲ್ಲಿ ಕೂದಲು ಸುಡಲು ಗಂಡಸರು ಬಹಳ ಹೊತ್ತು ಒದ್ದಾಡಿದರು, ಅಷ್ಟು ಒತ್ತಾಗಿತ್ತು. ಹೆಂಗಸರ ಜೊತೆ ನಾನೂ ಮಾಂಸ ಹೆಚ್ಚಲು ಕೂತೆ. ಎಳೆಯ ಹಂದಿಯ ಮಾಂಸ ಬೆಳ್ಳಗೆ, ಮೇಲೊಂದು ಬೆರಳು ದಪ್ಪ ಕೊಬ್ಬು ಇರಬೇಕು. ಇದರಲ್ಲಿ ಕೊಬ್ಬೆಂಬುದು ಎಳೆಯಷ್ಟು. ಮಾಂಸ ಮುದಿ ಟಗರಿನ ಮಾಂಸದ ಹಾಗೆ ಕಡುಗೆಂಪು. ಕತ್ತಿ ಹಾಕಿದರೆ ನಾರುನಾರಾಗಿ ಸೆಳೆಯುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು, "ಇದು ಮರಿಯಾ, ಅಜ್ಜಿಯಾ?" ಎಂದಳು. ನಾನು ಹೆಚ್ಚಲು ಇನ್ನೊಂದು ತುಂಡು ಎಳೆದುಕೊಂಡೆ.

ಎಷ್ಟು ಬೇಯಿಸಿದರೂ ಮೆತ್ತಗಾಗಲಿಲ್ಲ. ಪಂಕ್ತಿಯಲ್ಲಿ ಹೆಣ್ಣಿನ ಕಡೆಯವರು ಮರ್ಯಾದೆಗೆ ಬಾಯಾಡಿಸುತ್ತಿದ್ದರು. ಅವಳ ಅತ್ತೆ ನಡುವೆ ನಿಂತು, "ಕಲ್ಲು ಒಡಿಯೋರ ಮನೆ ಅಂತ ನಮ್ಮ ಸೊಸೆ ಬಾಡ್ನೂ ಕಲ್ಲೇ ಮಾಡ್ಬುಟ್ಟವ್ಳೆ, ಒಸಿ ಸುತ್ತಿಗೆ ತತ್ತೀನಿ ತಾಳಿ" ಎಂದಳು. ಎಲ್ಲರೂ ನಕ್ಕರು. ಅಕ್ಕ ಸಾರಿನ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ಅದಕ್ಕಿಂತ ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಕೊಯ್ಯಲೂ ಲಾಯಕ್ಕಿಲ್ಲವೆಂದು ಒಂದು ಮರಿಯನ್ನು ಬಿಟ್ಟಿದ್ದರು. ನಾವು ಹೊರಡುವಾಗ ಅಕ್ಕ ಅದರ ಕಾಲಿಗೆ ಹಗ್ಗ ಕಟ್ಟಿ ತಂದು ಅವ್ವನ ಕೈಗೆ ಕೊಟ್ಟು, "ಅವಳ್ದು ಅವಳಿಗೇ ಕೊಟ್ಬುಡು" ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಆ ಮರಿಯನ್ನು ತಂದು ನನ್ನವುಗಳ ಜೊತೆ ಒಲೆಯ ಹಿಂದೆ ಬಿಟ್ಟೆ. ನನ್ನವುಗಳ ಪಕ್ಕದಲ್ಲಿ ಅದು ಬೇರೆ ಜಾತಿಯ ಪ್ರಾಣಿಯ ಹಾಗೆ ಕಾಣುತ್ತಿತ್ತು. ಮೊದಮೊದಲು ಅದು ಗೋಡೆ ಬಿಟ್ಟು ಕದಲಲೇ ಇಲ್ಲ, ಗಂಜಿಗೂ ಏಳಲಿಲ್ಲ. ನಿದ್ದೆ ಮಾಡುವುದೊಂದೇ ಕೆಲಸ. ಆಮೇಲೆ ನಡುಕ ನಿಂತಿತು, ಬೆನ್ನು ನೆಟ್ಟಗಾಯಿತು. ತಿನ್ನಲು ಶುರುಮಾಡಿತು, ಅದೂ ಬಂಡೆಯ ಮೇಲೆ ತಿನ್ನುತ್ತಿದ್ದುದಕ್ಕಿಂತ ಕಡಿಮೆಯೇ ಇರಬೇಕು. ಆದರೂ ಮೈ ತುಂಬತೊಡಗಿತು. ಚೈತ್ರದಲ್ಲಿ ಉದ್ದ ಕೂದಲು ಉದುರಿತು. ಆದರೆ ಕಾಲು ಗಿಡ್ಡವಾಗಿಯೇ ಉಳಿಯಿತು. ಕಿವಿ, ಬಾಲ ಮೊಂಡಾಗಿಯೇ ಉಳಿದವು. ಎಷ್ಟು ಚೆನ್ನಾಗಿ ನೋಡಿಕೊಂಡರೂ ಜೊತೆಯವುಗಳ ಎತ್ತರಕ್ಕೆ ಅದು ಬರಲೇ ಇಲ್ಲ. ಕಳೆದ ಚಳಿಗಾಲ ಅದರ ಮೈಯಲ್ಲಿ ನಿಂತುಬಿಟ್ಟಿತ್ತು.

ಅಷ್ಟಾದರೂ ನನಗೆ ಪೂರ್ತಿ ತಿಳಿಯಲಿಲ್ಲ. ತಿಳಿದದ್ದು ಮುಂದಿನ ವರ್ಷ. ನಾನು ಉಳಿಸಿಕೊಂಡಿದ್ದ ಹೆಣ್ಣು ಹಂದಿ ಚಳಿಗಾಲದಲ್ಲೇ ಮರಿ ಹಾಕಿತು. ಆ ರೈತರು ಆಲೆಮನೆಯನ್ನು ಊರಾಚೆಯ ಹೊಲಕ್ಕೆ ಸಾಗಿಸಿದ್ದರು. ಕೊಪ್ಪರಿಗೆಯ ನೊರೆಯನ್ನು ಗಂಡ ದಿನವೂ ಹೊತ್ತು ತಂದು ಕೊಡುತ್ತಿದ್ದ, ಒಲೆಯನ್ನು ತರಲಾಗಲಿಲ್ಲ. ಹಳೆಯ ಗೋಡೆ ತಣ್ಣಗಿತ್ತು. ಅದೇ ಗೂಡು, ಅದೇ ಗಂಜಿ, ಅದೇ ನೊರೆ. ಒಂದು ಬೆಳಗ್ಗೆ ಹೋಗಿ ನೋಡುತ್ತೇನೆ, ಮರಿಗಳು ಗುಡ್ಡೆ ಬಿದ್ದು ನಡುಗುತ್ತಿವೆ. ಒಂದನ್ನು ಎತ್ತಿ ತೊಡೆ ಮುಟ್ಟಿದೆ. ಹುರಿ ಮಾಡಿದ ಹಗ್ಗ. ಅಲ್ಲೇ ಕೂತುಬಿಟ್ಟೆ. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೆಂದು ಅಕ್ಕ ಕೇಳಿದ್ದಳಲ್ಲ, ಅದೆಲ್ಲ ಆ ನಡುಕಕ್ಕೇ ಹೋಗುತ್ತಿತ್ತು. ಬೆಳೆಯಬೇಕಾದ ಮಾಂಸ ಮೈ ಕಾಯಿಸಿಕೊಳ್ಳುವುದರಲ್ಲೇ ಸವೆದು, ಹುರಿಗಟ್ಟಿ, ಕೆಂಪಾಗುತ್ತಿತ್ತು. ಅವಳದೂ ತಪ್ಪಲ್ಲ, ನನ್ನದೂ ತಪ್ಪಲ್ಲ, ಮೊಲೆಯದೂ ಅಲ್ಲ. ಚಳಿ ಮಾಡಿದ್ದನ್ನು ತಂಗಿ ಮಾಡಿದಳೆಂದು ಅವಳು ತಿಳಿದುಕೊಂಡಿದ್ದಳು.

ಮರಿಗಳನ್ನು ಬುಟ್ಟಿಯಲ್ಲಿ ತುಂಬಿ ಅಡುಗೆ ಒಲೆಯ ಮಗ್ಗುಲಿಗೆ ತಂದಿಟ್ಟೆ. ಗಂಡನಿಗೆ ಹೇಳಿ ಮಾರನೆಯ ದಿನವೇ ಕ್ಲೋಸ್‌ಪೇಟೆಗೆ ಹೊರಟೆ. ಬೆಟ್ಟ ಹತ್ತಿ ನೋಡಿದರೆ ಗುಡಿಸಲುಗಳಿಲ್ಲ. ಒಲೆ ಹೂಡಿದ್ದ ಕಲ್ಲುಗಳು, ಬೂದಿ, ಒಡೆದ ಮಡಕೆ, ಆ ಮೂರು ಚಪ್ಪಡಿಯ ಗೂಡು. ಕೆಳಗಿನ ಅಂಗಡಿಯವರು, "ಅವ್ರು ಕಾನಕಾನಹಳ್ಳಿ ಕಡೆಗೋದ್ರು ಕಣವ್ವ, ಅಲ್ಲಿ ಸೇತುವೆ ಕೆಲ್ಸ ಅಂತೆ. ಎಲ್ಲಿ ಅಂತ ಗೊತ್ತಿಲ್ಲ" ಎಂದರು. ಕನಕಪುರಕ್ಕೆ ಆಗಿನ ಹೆಸರು ಅದು. ಆ ಕಡೆ ಹೋಗುವ ಗಾಡಿಯವರಿಗೆ, ಬಳೆಗಾರರಿಗೆ ಹೇಳಿಕಳಿಸಿದೆ: ತಂಗಿ ನೋಡಬೇಕಂತಾಳೆ, ಹಂದಿಮರಿಗಳ ವಿಷಯ ತಿಳಿಯಿತಂತೆ ಎಂದು. ಕೇಳಿದವರು ನಗುತ್ತಿದ್ದರು. ಅವರು ಹೇಳಿದರೋ ಇಲ್ಲವೋ, ಉತ್ತರವಂತೂ ಬರಲಿಲ್ಲ. ಆಮೇಲೆ ನನಗೆ ಮಕ್ಕಳಾದವು. ಅವಳಿಗೂ ಆದವೆಂದು ಅವ್ವನಿಂದ ತಿಳಿಯಿತು. ಅವಳು ಅವ್ವನನ್ನು ನೋಡಲು ಬರುತ್ತಿದ್ದಳು, ನಾನಿಲ್ಲದ ಹಬ್ಬ ನೋಡಿ ಬರುತ್ತಿದ್ದಳು.

ನಾವು ಮತ್ತೆ ಮುಖಾಮುಖಿಯಾದದ್ದು ಅವ್ವ ತೀರಿಕೊಂಡಾಗ. ಅಷ್ಟು ಹೊತ್ತಿಗೆ ನನ್ನ ದೊಡ್ಡ ಮಗ ಕುರಿ ಕಾಯುವಷ್ಟಾಗಿದ್ದ. ಅಕ್ಕನ ಮನೆಯವರು ಕನಕಪುರದಾಚೆ ಉಯ್ಯಂಬಳ್ಳಿಯ ಹತ್ತಿರ ನೆಲೆನಿಂತಿದ್ದರು. ಅವಳು ಬಂದಾಗ ತಲೆ ಅರ್ಧ ನೆರೆತಿತ್ತು. ಇಬ್ಬರೂ ಅವ್ವನ ಎರಡು ಮಗ್ಗುಲಿಗೆ ಕೂತು ಅತ್ತೆವು, ಬೇರೆಬೇರೆಯಾಗಿ ಅತ್ತೆವು. ಕಾರ್ಯ ಮುಗಿದ ಮೇಲೆ ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತ ಇಬ್ಬರೇ ಉಳಿದೆವು. ನಾನೇ ಬಾಯಿ ಬಿಟ್ಟೆ.

"ಅಕ್ಕ, ಆ ಮರಿಗಳು ನಿನ್ನವೇ ಕಣಕ್ಕ. ನೀನು ಆರಿಸಿದ್ವೇ ನಿನ್ತಾವ ಬಂದಿದ್ದು. ಚಳಿಗೆ ಹಂಗಾಗಿದ್ದು. ನಂಗೂ ಮುಂದಿನ ವರ್ಷ ಹಂಗೇ ಆಯ್ತು..."

ಅವಳು ಬೆಳಗುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣೆ" ಎಂದಳು.

"ಗೊತ್ತಾ? ಯಾವಾಗಿಂದ?"

"ಉಯ್ಯಂಬಳ್ಳಿಗೋದ ವರ್ಷವೇ. ಅಲ್ಲಿ ತಗ್ಗು, ಹೊಳೆ ಕಡೆ ಸೆಕೆ. ಚಳೀನೇ ಇಲ್ಲ. ಅದೇ ಗಂಜಿ, ಅದೇ ಕೈ, ಮರಿಗಳು ಗುಂಡುಗುಂಡಗೆ ಬೆಳುದ್ವು. ನೋಡ್ದೇಟ್ಗೆ ತಿಳೀತು. ನಿನ್ನ ಗಂಡ ಹೇಳಿದ್ದು ಜ್ಞಾಪಕ ಬಂತು. ಆವತ್ತು ಊಟ ಸೇರಲಿಲ್ಲ ನಂಗೆ."

"ಮತ್ಯಾಕಕ್ಕ ಬರಲಿಲ್ಲ? ನಾನು ಹೇಳಿಕಳುಸ್ದೆ, ಬಳೆಗಾರ್ರ ಕೈಲಿ..."

"ಮುಟ್ಟಿತ್ತು." ಅವಳು ಚೆಂಬನ್ನು ಕೆಳಗಿಟ್ಟಳು. "ಏನಂತ ಬರ್ಲಿ ಹೇಳು. ಕಳ್ಳಿ ಅಂದ್ಬುಟ್ಟಿದ್ದೆ. ಈ ವರ್ಷ ಹೋಯ್ತೀನಿ, ಬರೋ ವರ್ಷ ಹೋಯ್ತೀನಿ ಅಂತ, ಹಂಗೇ ಆಗೋಯ್ತು."

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಕೈಯೆಲ್ಲ ಬೂದಿಯಾಗಿದ್ದರಿಂದ ಮೊಣಕೈಯಿಂದಲೇ ಕಣ್ಣೊರೆಸಿಕೊಂಡೆ. ಅವಳೂ ಹಾಗೇ ಮಾಡಿದಳು. ಇಷ್ಟು ವರ್ಷ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ಅವಳ ಮಕ್ಕಳ ಹೆಸರು ನಾನು ಅವ್ವನ ಬಾಯಿಂದ ಕಲಿತೆ, ನನ್ನ ಹೆರಿಗೆಗಳಲ್ಲಿ ಊರಿನ ಹೆಂಗಸರು ಸೊಂಟ ಹಿಡಿದರು. ಅವ್ವ ಇಬ್ಬರನ್ನೂ ಒಂದೇ ಹಬ್ಬದಲ್ಲಿ ನೋಡದೆ ಹೋದಳು. ಇದಕ್ಕೆಲ್ಲ ಯಾರನ್ನು ಬಯ್ಯಬೇಕು?

ಆಮೇಲೆ ನಾವು ಹೋಗಿ ಬಂದು ಮಾಡಿದೆವು. ನಾನು ಉಯ್ಯಂಬಳ್ಳಿಗೆ ಹೋದೆ, ಅವಳು ಚನ್ನಪಟ್ಟಣಕ್ಕೆ ಬಂದಳು, ಮದುವೆಗಳಿಗೆ ಸೀರೆ ಕೊಟ್ಟು ತೆಗೆದುಕೊಂಡೆವು. ಜನ ನೋಡಿ, ಅಕ್ಕತಂಗಿಯರು ಒಂದಾದರು ಎಂದರು. ಒಂದಾಗಿದ್ದೆವು, ನಿಜ. ಆದರೆ ಮಾತು ಬಂತು, ಸಲಿಗೆ ಬರಲಿಲ್ಲ. ಅವಳ ಮನೆಯಲ್ಲಿ ಊಟಕ್ಕೆ ಕೂತರೆ ನೆಂಟರಿಗೆ ಹಾಸುವ ಚಾಪೆಯನ್ನೇ ನನಗೂ ಹಾಸುತ್ತಿದ್ದಳು. ಮಕ್ಕಳು ಚೆನ್ನಾಗಿದ್ದಾರಾ, ಮಳೆ ಹೇಗಾಯಿತು ಎಂದು ಕೇಳುತ್ತಿದ್ದಳು. ನಾನೂ ಅಳೆದು ಉತ್ತರ ಹೇಳುತ್ತಿದ್ದೆ. ನನ್ನ ಕೂದಲು ಹಿಡಿದೆಳೆದು ಬಯ್ಯುತ್ತಿದ್ದ ಅಕ್ಕ, "ಇನ್ನೊಂದೊಸಿ ಬಡಿಸ್ಲೇನವ್ವ?" ಎಂದು ಮರ್ಯಾದೆಯಿಂದ ಕೇಳುವುದನ್ನು ಕೇಳಿ, ನಾನು ಸಾಕೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದೆ.